ಹದಿನೇಳರ ಮಗ್ಗಿ

"ಹದಿನೇಳರ ಮಗ್ಗಿ ಹೇಳು," ಎಂದರು ಮಾಸ್ತರರು.

ಬುಡ್ಡೇಸಾಬ ಎದ್ದು ನಿಂತ. ಆ ಕೋಣೆಯಲ್ಲಿ ಅವನ ಹೆಸರು ಸಕ್ರಪ್ಪ. ತುಂಗಭದ್ರೆಯ ಈಚೆ ದಂಡೆಗೆ ಸ್ವಾತಂತ್ರ್ಯ ಬಂದಿತ್ತು, ಆಚೆ ದಂಡೆಯ ನಿಜಾಮನ ಸೀಮೆಗೆ ಇನ್ನೂ ಬಂದಿರಲಿಲ್ಲ. ಅಲ್ಲಿ ನಿಜಾಮನ ಪರ ದಾಳಿಗಿಳಿದ ರಜಾಕಾರರಿಗೆ ಚಕ್ಕಡಿ ಗಾಡಿ ಕೊಡಲೊಲ್ಲೆ ಎಂದ ತಪ್ಪಿಗೆ ಅವನಪ್ಪನ ಮನೆ ಸುಟ್ಟು ಬೂದಿಯಾಗಿತ್ತು. ಗೆಳೆಯ ಅಂದಪ್ಪನ ಜೊತೆ ಹರಗೋಲು ಹತ್ತಿ ಈಚೆ ಬಂದಾಗ, "ಇಂವ ನಮ್ಮ ಕಾಕಾನ ಮಗ ಸಕ್ರಪ್ಪ" ಎಂದು ಅಂದಪ್ಪನೇ ಹೇಳಿಬಿಟ್ಟಿದ್ದ. ಸಾಬರ ಹುಡುಗ ಎಂದರೆ ಆ ದಿನಗಳಲ್ಲಿ ಯಾರು ನಂಬಬೇಕು? ಹಗ್ಗವೂ ಹಾವಾಗಿ ಕಾಣುವ ಕಾಲ.

ರಜಾಕಾರರ ವಿರುದ್ಧ ಹೋರಾಡುವ ಮುಂಡರಗಿ ಕ್ಯಾಂಪಿನವರು ಬಸ್ಸು ಹತ್ತಿಸಿ ಗದಗಿನ ಶಾಲೆಗೆ ಕಳಿಸಿದ ಇಬ್ಬರನ್ನೂ ಯಾವ ಇಯತ್ತೆಗೆ ಕೂಡಿಸಬೇಕೆಂದು ನೋಡಲು ಈ ಪರೀಕ್ಷೆ. ಇಯತ್ತೆ ಸಿಕ್ಕರೆ ಬೋರ್ಡಿಂಗಿನಲ್ಲಿ ಊಟ, ಮಲಗಲು ಜಾಗ. ಸಿಗದಿದ್ದರೆ ದೇವರೇ ಗತಿ.

ಬುಡ್ಡೇಸಾಬ ಅಂಜುತ್ತಲೇ ಶುರುಮಾಡಿದ. ಆದರೆ ಅದು ಊರ ಮಠದ ಅಯ್ಯನವರು ಬೆರಳು ಹಿಡಿದು ಮರಳಿನ ಮೇಲೆ ತಿದ್ದಿಸಿದ ವಿದ್ಯೆ. "ಹದಿನೇಳೊಂದ್ಲೆ ಹದಿನೇಳು, ಹದಿನೇಳೆರಡ್ಲೆ ಮೂವತ್ನಾಕು..." ನೀರು ಕುಡಿದಷ್ಟು ಸಲೀಸಾಗಿ ಒಪ್ಪಿಸಿದ.

"ಶಾಬಾಸ್! ಏಳನೇ ಇಯತ್ತೆ," ಎಂದರು ಮಾಸ್ತರರು. ಹುಡುಗರನ್ನು ಕರೆತಂದು ಬಾಗಿಲಲ್ಲಿ ಬಂದೂಕು ಹಿಡಿದು ನಿಂತಿದ್ದ ಕ್ಯಾಂಪಿನ ಸ್ವಯಂಸೇವಕ ತಿರಕಪ್ಪನೂ ತಲೆದೂಗಿದ. ಬುಡ್ಡೇಸಾಬನಿಗೆ ಹೋದ ಜೀವ ಬಂದಂತಾಯಿತು.

ಈಗ ಅಂದಪ್ಪನ ಪಾಳಿ. ಅವನೋ ಸೋದರಮಾವನ ಮನೆಯಲ್ಲಿದ್ದು, ನಿಜಾಮನ ಸರ್ಕಾರಿ ಶಾಲೆಯಲ್ಲಿ ಉರ್ದುವಿನಲ್ಲೇ ಓದಿ ಬೆಳೆದವನು. ಬಾಯಿ ತೆರೆದದ್ದೇ ತಡ, "ಸತ್ರಾ ಏಕಂ ಸತ್ರಾ, ಸತ್ರಾ ದೂನಿ ಚೌಂತೀಸ್..." ಎಂದು ನಾಲಿಗೆ ಓಡಿಬಿಟ್ಟಿತು. ಗಾಬರಿಯಾಗಿ ಕನ್ನಡದಲ್ಲಿ ಹೇಳಹೋದ. ಒಂದು ಅಂಕಿಯೂ ಹತ್ತಿರ ಸುಳಿಯಲಿಲ್ಲ.

ತಿರಕಪ್ಪ ದಡದಡನೆ ಬಂದು ಅವನ ಕೊರಳಪಟ್ಟಿ ಹಿಡಿದ.

"ಯಾರಲೇ ನೀ? ರಜಾಕಾರ್ರು ಕಳಿಸ್ಯಾರೇನು ನಿನ್ನ?"

"ನಾ ಅಂದಪ್ಪರಿ. ನಮ್ಮ ಸಾಲ್ಯಾಗ ಎಲ್ಲಾ ಉರ್ದುನ ಇತ್ರಿ..."

"ಸಿಕ್ಕವ್ರೆಲ್ಲಾ ಹಂಗ ಅಂತಾರ. ಒಂದ ಮನಿ ಮಕ್ಕಳು ಅಂದ್ರೆಲ್ಲೋ? ಅವಗ ಬರೋ ಮಗ್ಗಿ ನಿನಗ್ಯಾಕ ಬರಂಗಿಲ್ಲ? ಇಬ್ಬರಾಗ ಒಬ್ಬಾಂವ ನಮ್ಮಾಂವ ಅಲ್ಲ. ಮಾಸ್ತರ್ರ, ಇವನ್ನ ಹೊಳಿದಂಡಿಗೆ ಒಯ್ತೀನ್ರಿ. ಅಲ್ಲಿ ನಮ್ಮ ಕ್ಯಾಂಪಿನಾವ್ರು ಬಾಯಿ ಬಿಡಸ್ತಾರ."

ಹೊಳೆದಂಡೆಯಲ್ಲಿ ಏನಾಗುತ್ತದೆಂದು ಯಾರೂ ಹೇಳುತ್ತಿರಲಿಲ್ಲ. ಅದಕ್ಕೇ ಆ ಹೆಸರಿಗೆ ಅಷ್ಟು ಅಂಜಿಕೆ.

ಅಂದಪ್ಪ ಗೆಳೆಯನ ಕಡೆ ಒಮ್ಮೆ ನೋಡಿದ. ಗೆಳೆಯನ ನಿಜ ಹೆಸರು ಹೇಳಿದ್ದರೆ ತಾನು ಪಾರಾಗುತ್ತಿದ್ದ. ಹೇಳಲಿಲ್ಲ. ತುಟಿ ಕಚ್ಚಿ ನೆಲ ನೋಡಿದ. ಬುಡ್ಡೇಸಾಬ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಸುಮ್ಮನಿದ್ದರಾಯಿತು, ಏಳನೇ ಇಯತ್ತೆ, ಬಿಸಿ ರೊಟ್ಟಿ, ಕೇಳುವವರು ಯಾರು? ಹಾಳು ಜೀವ, ಬದುಕಬೇಕೆಂದು ಒಳಗೊಳಗೇ ಗೋಗರೆಯುತ್ತಿತ್ತು.

ಮಾಸ್ತರರು ಅವನತ್ತ ತಿರುಗಿದರು. ದನಿಯಲ್ಲಿ ಪೂರ್ತಿ ನಂಬಿಕೆಯಿತ್ತು.

"ಸಕ್ರಪ್ಪ, ಅಂಜಬ್ಯಾಡ. ನೀ ನಮ್ಮ ಹುಡುಗ. ಖರೆ ಹೇಳು, ಇಂವ ಯಾರು?"

ಬುಡ್ಡೇಸಾಬ ಒಂದು ಸಲ ಬಾಗಿಲ ಕಡೆ ನೋಡಿದ.

"ಇಂವ ಅಂದಪ್ಪನ ಹೌದ್ರಿ. ಇವರ ಮನ್ಯಾಗ ಸಕ್ರಪ್ಪ ಅನ್ನಾಂವ ಯಾರೂ ಇಲ್ರಿ. ನಾ ಬುಡ್ಡೇಸಾಬ."

ತಿರಕಪ್ಪನ ಕೈ ಅಂದಪ್ಪನ ಕೊರಳಪಟ್ಟಿ ಬಿಟ್ಟು ಬುಡ್ಡೇಸಾಬನ ಕಡೆ ಬಂತು. ಹಿಡಿಯಬೇಕೋ, ಬೆನ್ನು ತಟ್ಟಬೇಕೋ ತಿಳಿಯದೆ ಗಾಳಿಯಲ್ಲೇ ನಿಂತಿತು.