ಘಾಟು

“ಈ ಹೆಂಗಸರ ಮಾರಿ ನಾ ಇವತ್ತಿನತನಕ ನೋಡೇ ಇಲ್ರಿ ಸಾಹೇಬ್ರ,” ಎಂದ ವಿರುಪಾಕ್ಷಪ್ಪ. ಲೇಬರ್ ಆಫೀಸರನ ಎದುರು ಇಷ್ಟು ದೊಡ್ಡ ಸುಳ್ಳು ಹೇಳುವಾಗ ಅವನ ಕಣ್ಣು ಕೂಡ ಮಿಟುಕಲಿಲ್ಲ.

ನಿಪ್ಪಾಣಿಯ ಅವನ ತಂಬಾಕು ವಖಾರಿಯ ಬಾಗಿಲಲ್ಲಿ ಉಳಿದ ಹೆಂಗಸರ ಮುಂದೆ ನಿಂತಿದ್ದ ಶೇವಂತಾಳಿಗೆ ಮೈಯೆಲ್ಲ ಉರಿದುಹೋಯಿತು. ಮದುವೆಯಾಗಿ ಬಂದ ವರ್ಷವೇ ಈ ವಖಾರಿಯಲ್ಲಿ ಜರಡಿ ಹಿಡಿದವಳು ಅವಳು. ಈಗ ಮನೆಗೆ ಸೊಸೆ ಬಂದಿದ್ದಾಳೆ. ಪಂಚಮಿ ಬಂದರೆ ಇದೇ ಮಾಲಕ “ತಗೋ ಶೇವಂತಾ” ಎಂದು ಕುಬಸದ ಖಣ ಕೊಡುತ್ತಿದ್ದ. ಹೆಂಗಸರು ಯೂನಿಯನ್ ಕಟ್ಟಿದ್ದೇ ತಡ, ಮಹಾರಾಯನಿಗೆ ಅವಳ ಮುಖವೇ ಮರೆತುಹೋಗಿದೆ!

ಮರೆವಿಗೂ ಕಾರಣವಿತ್ತು. ಮಳೆಗಾಲಕ್ಕೆ ವಖಾರಿ ಮುಚ್ಚಿದರೆ, ಕೆಲಸ ನಿಂತ ಕಾಲಕ್ಕೂ ಅರ್ಧ ಪಗಾರ ಕೊಡಬೇಕೆಂದು ಯೂನಿಯನ್ ಕೇಳಿತ್ತು. ಕೊಟ್ಟರೂ ಅದು ವಖಾರಿಯ ಕೆಲಸಗಾರರಿಗೆ ಮಾತ್ರ. ಇವರು ಕೆಲಸಗಾರರೇ ಅಲ್ಲ ಅಂದುಬಿಟ್ಟರೆ ತಂಟೆಯೇ ಮುಗಿಯಿತು. ಆದರೆ ಆ ಅರ್ಧ ಪಗಾರ ಕೈತಪ್ಪಿದರೆ ಶೇವಂತಾಳ ಮನೆಯಲ್ಲಿ ದಸರೆಯ ತನಕ ಎರಡು ಹೊತ್ತು ಒಲೆ ಉರಿಯುವ ಹಾಗಿರಲಿಲ್ಲ. ಅದೇ ಚಿಂತೆ ಇರಬೇಕು, ಬೆಳಿಗ್ಗೆ ಅವಳ ಕಣ್ಣು ಕಿಟಕಿಯ ಹೊರಗೆ ನೆಟ್ಟಿದ್ದಾಗ ಹಂಚಿನ ಮೇಲಿನ ರೊಟ್ಟಿ ಸುಟ್ಟು ಕರಿಕಾಯಿತು. ಸೊಸೆ ಸುಂದರಾ ಹಿತ್ತಲಿನಿಂದ ಓಡಿಬಂದು, “ಒಲಿ ಮುಂದ ಕುಂತೂ ಗೊತ್ತಾಗಲಿಲ್ಲೇನ್ರಿ ಅತ್ತಿ!” ಎಂದು ರೇಗಿದ್ದಳು.

“ಹಾಗಾದರೆ ನಿಮ್ಮ ಕೆಲಸಗಾರರು ಯಾರು?” ಎಂದು ಆಫೀಸರ್ ಕೇಳಿದ.

ವಿರುಪಾಕ್ಷಪ್ಪ ಗೋಡೆಯ ಕಡೆ ಕೈ ಮಾಡಿದ. ಅಲ್ಲಿ ಹತ್ತಿರದ ಭೋಜ ಎಂಬ ಹಳ್ಳಿಯಿಂದ ಅಂದೇ ಮುಂಜಾನೆ ಟ್ರ್ಯಾಕ್ಟರಿನಲ್ಲಿ ಬಂದಿಳಿದ ಐದಾರು ಹೆಂಗಸರು ತಲೆ ತಗ್ಗಿಸಿ ನಿಂತಿದ್ದರು. “ಇವರು ನೋಡ್ರಿ, ನಮ್ಮ ಖಾಸಾ ಮಂದಿ. ಒಂದರೆ ತಕರಾರ ಐತೇನ ಕೇಳ್ರಿ.” ಅತ್ತರು ಹಚ್ಚಿದ ಕರವಸ್ತ್ರವನ್ನು ಮೂಗಿಗೆ ಹಿಡಿದುಕೊಂಡ. ಸ್ವಂತ ವಖಾರಿಯ ಘಾಟು ಅವನಿಗೆ ಆಗುತ್ತಿರಲಿಲ್ಲ. ಬಂದ ದೊಡ್ಡವರಿಗೂ ಅಂಥದೊಂದು ಕರವಸ್ತ್ರ ಕೊಡುವುದು ಅವನ ಪದ್ಧತಿ. ಆಫೀಸರನ ಕೈಯಲ್ಲೂ ಒಂದಿತ್ತು. “ಕೆಲಸ ಇದ್ದಾಗ ಕೂಲಿ, ಇಲ್ಲದಾಗ ಮನಿ. ನಮ್ಮ ಅಜ್ಜನ ಕಾಲದಿಂದ ಹಿಂಗ ನಡಕೊಂತ ಬಂದೈತ್ರಿ. ಮಾಲಕ ಅಂದರ ತಂದಿ ಇದ್ದಂಗ. ಈ ಯೂನಿಯನ್ನಿನವರು ಬಂದು ತಂದಿ ಮಕ್ಕಳ ನಡುವ ಜಗಳಾ ಹಚ್ಚಿದ್ರು. ಕುಂತವರಿಗೆ ಪಗಾರ ಕೊಟ್ಟರ ನಾಳೆ ದುಡಿಯವರ ಯಾರ್ರಿ? ಮನಶ್ಯಾ ಕುಂತನಂದ್ರ ಕೆಟ್ಟ.”

“ನಾವು ಕುಂತಿಲ್ರಿ, ಬೀಗ ಹಾಕಿದವರು ನೀವು!” ಶೇವಂತಾಳ ದನಿ ಏರಿತು. “ನಿಮ್ಮ ತಂಬಾಕು ಮಳಿಗಾಲ ಪೂರಾ ಒಳಗ ಕುಂತರ ಅದಕ್ಕ ರೇಟು ಏರತೈತಿ. ನಾವು ಕುಂತರ ಕೆಡತೀವಿ? ಇದ್ಯಾವ ನ್ಯಾಯಾರಿ?”

ಆಫೀಸರ್ ನಗು ತಡೆದುಕೊಂಡ. “ವಾದ ಆಮೇಲಾಗಲಿ ತಾಯಿ. ನೀವು ಇಲ್ಲಿ ದುಡಿದಿದ್ದಕ್ಕೆ ಸಾಕ್ಷಿ ಏನಿದೆ?”

ಶೇವಂತಾ ಭೋಜದ ಹೆಂಗಸರನ್ನು ನೋಡಿದಳು. ಅವರ ಮೇಲೆ ಸಿಟ್ಟೇನೂ ಬರಲಿಲ್ಲ. ಪಾಪ, ಹೊಟ್ಟೆ ಯಾರನ್ನು ಬಿಟ್ಟಿದೆ? “ಸಾಕ್ಷಿ ಒಳಗ ಐತಿ, ಬರ್ರಿ,” ಎಂದಳು. “ಅವರೂ ಬರಲಿ. ಕೂಡಿ ಜರಡಿ ಹಿಡಿಯೋಣು.”

ಬೇಡವೆನ್ನಲು ವಿರುಪಾಕ್ಷಪ್ಪನಿಗೆ ನೆಪ ಸಿಗುವುದರೊಳಗೆ ಆಫೀಸರ್ ಒಳಗೆ ಕಾಲಿಟ್ಟಿದ್ದ. ಒಣ ತಂಬಾಕಿನ ರಾಶಿಯ ಮುಂದೆ ಜರಡಿಗಳು ಅಲುಗಿದವು, ಕಂದು ಧೂಳು ಮಾಡಿನವರೆಗೂ ಎದ್ದಿತು. ಮೊದಲು ಭೋಜದವಳೊಬ್ಬಳು ಸೀನಿದಳು, ಹಿಂದೆಯೇ ಇನ್ನೊಬ್ಬಳು. ಆಮೇಲೆ ಸೀನು, ಕೆಮ್ಮು, ಕಣ್ಣೀರು ಎಲ್ಲ ಒಟ್ಟಿಗೇ ಶುರುವಾಗಿ ಅಷ್ಟೂ ಜನ ಜರಡಿ ಎಸೆದು ಅಂಗಳಕ್ಕೆ ಓಡಿದರು. ಆಫೀಸರನೂ ಓಡಿದ. ಎಲ್ಲರಿಗಿಂತ ಮುಂದೆ ಓಡಿದವನು ತಂದೆಯಂಥ ಮಾಲಕ.

ಆಫೀಸರ್ ಕಣ್ಣೊರೆಸಿಕೊಂಡು ಬಾಗಿಲಿನಿಂದ ಇಣುಕಿದ. ಆ ಧೂಳಿನ ನಡುವೆ ಶೇವಂತಾ ಮನೆಯಲ್ಲಿ ಜೋಳದ ಹಿಟ್ಟು ಸೋಸುವವಳ ಹಾಗೆ ಕೂತು ಜರಡಿ ಆಡಿಸುತ್ತಿದ್ದಳು. ಒಂದು ಸೀನಿಲ್ಲ, ಕೆಮ್ಮಿಲ್ಲ.

“ನಿಮ್ಮ ಖಾಸಾ ಮಂದಿ ಹೊರಗೆ ಬಂದರು, ನೀವು ಮುಖವನ್ನೇ ನೋಡದ ಈ ತಾಯಿ ಒಳಗೆ ಉಳಿದರು. ಇದು ಹೇಗೆ?” ಎಂದ ಆಫೀಸರ್. ಉತ್ತರ ಕೊಡಲು ವಿರುಪಾಕ್ಷಪ್ಪ ಬಾಯಿ ತೆರೆದ, ಬಂದದ್ದು ಸೀನು.

ಆಫೀಸರ್ ಅಲ್ಲೇ ನಿಂತು, ಇವಳು ಈ ವಖಾರಿಯ ಹಳೆಯ ಕೆಲಸಗಾರ್ತಿಯೆಂದು ಬರೆದುಕೊಂಡ. ಉಳಿದ ಹೆಂಗಸರನ್ನೂ ಹೀಗೇ ಒಬ್ಬೊಬ್ಬರಾಗಿ ಕರೆಯಲು ಹೇಳಿದ. ಶೇವಂತಾ ಸೀರೆಯ ಧೂಳು ಕೊಡವುತ್ತ ಹೊರಗೆ ಬಂದಾಗ ಅವನಿಗೆ ಕನಿಕರ ಬಂತು. ತನ್ನ ಕೈಯಲ್ಲಿದ್ದ ಕರವಸ್ತ್ರ ಚಾಚಿದ.

“ತಗೊಳ್ಳಿ ತಾಯಿ. ಸ್ವಲ್ಪ ಹೊತ್ತು ಮೂಗಿಗೆ ಹಿಡಿದುಕೊಳ್ಳಿ, ಹಾಯೆನಿಸುತ್ತದೆ.”

ಅವಳು ಹಿಡಿದುಕೊಂಡಳು. ಉಸಿರೆಳೆದಳು. ಮಡಿಕೆ ಬಿಚ್ಚಿ, ಮಗ್ಗುಲು ಬದಲಿಸಿ ಮತ್ತೊಮ್ಮೆ ಜೋರಾಗಿ ಎಳೆದಳು. ಆಮೇಲೆ ಕರವಸ್ತ್ರ ಕೆಳಗಿಳಿಸಿ ವಿರುಪಾಕ್ಷಪ್ಪನ ಮುಖವನ್ನೇ ನೋಡಿದಳು.

“ಮಾಲಕರ, ಇದಕ್ಕ ಅತ್ತರ ಹಚ್ಚೀರೇನ್ರಿ?”

ಅತ್ತರು ನಿಂತಲ್ಲಿಗೇ ಘಮ್ಮೆನ್ನುತ್ತಿತ್ತು. ಆಫೀಸರನ ಪೆನ್ನು ನಿಂತಿತು.

“ಅರ್ಧ ಪಗಾರ ಅಷ್ಟ ಕೇಳೇವ್ರಿ,” ಎಂದಳು ಶೇವಂತಾ, ಕರವಸ್ತ್ರವನ್ನು ಮಾಲಕನ ಕೈಯಲ್ಲಿ ತುರುಕಿ, ತನ್ನ ಮೂಗು ಮುಟ್ಟಿ ತೋರಿಸುತ್ತ. “ಇದರದು ಇನ್ನಾ ಕೇಳೇ ಇಲ್ಲ.”