ಗುರಿಕಾರನ ಅಂಗಿ

ಬ್ರಿಟಿಷರ ಕಾಲದ ಸೇನಾ ಬ್ಯಾಡ್ಜುಗಳನ್ನು ಸಂಗ್ರಹಿಸುವ ಜಯಸಿಂಹರಾಯರು ಮುನಿಶಾಮಪ್ಪನಿಗೆ ಕೂತುಕೋ ಎನ್ನಲಿಲ್ಲ.

"ಮುಟ್ಟಬೇಡ, ಬರೀ ನೋಡು. ತೋಳಿನ ಮೇಲೆ ಅಡ್ಡಡ್ಡ ಎರಡು ಬಂದೂಕು ಕಾಣ್ತಿದೆಯಾ? ಗುರಿ ತಪ್ಪದ ಸಿಪಾಯಿಗೆ ಮಾತ್ರ ಕೊಡ್ತಿದ್ದ ಬ್ಯಾಡ್ಜು. ಹಿಂದಿನ ಹೊಲಿಗೆ ನೋಡಿಯೇ ಅಸಲಿ ಅಂತ ಹೇಳಿಬಿಡ್ತೀನಿ ನಾನು. ನಮ್ಮ ತಾತನ ಅಂಗಿ ಇದು."

"ಚೆನ್ನಾಗಿದೆ ಸ್ವಾಮಿ."

"ನಿನ್ನ ಸರ್ಟಿಫಿಕೇಟ್ ಯಾರು ಕೇಳಿದ್ರು? ಮ್ಯೂಸಿಯಂನೋರು ಇದು ತಾತನದೇ ಅನ್ನೋಕೆ ಪುರಾವೆ ಕೊಡಿ, ಆಮೇಲೆ ಇಡ್ತೀವಿ ಅಂತಿದಾರೆ. ದಂಡಿನ ಬಟ್ಟೆ ಒಗೀತಿದ್ದದ್ದು ನಿಮ್ಮಜ್ಜ ತಾನೆ? ಒಬ್ಬೊಬ್ಬ ಸಿಪಾಯಿ ಬಟ್ಟೆಗೂ ಒಂದೊಂದು ಗುರುತು ಹಾಕ್ತಿದ್ದನಂತೆ. ಕಾಲರ್ ಒಳಗಿದೆ, ಓದು. ಇಷ್ಟಕ್ಕಾದರೂ ಉಪಯೋಗಕ್ಕೆ ಬಾ."

ಮುನಿಶಾಮಪ್ಪ ಕನ್ನಡಕ ಏರಿಸಿ ಬಾಗಿದ. ಎಷ್ಟು ಒಗೆದರೂ ಹೋಗದ ಕಪ್ಪು ಮಸಿಯಲ್ಲಿ ಮೂರು ಚುಕ್ಕಿ, ಕೆಳಗೊಂದು ಗೆರೆ. ಅವನು ಬಹಳ ಹೊತ್ತು ಬಾಗಿಯೇ ಇದ್ದ.

"ಏನಯ್ಯಾ, ಅಗಸರ ಅಕ್ಷರವೂ ಮರೆತುಹೋಯ್ತಾ?"

"ಬೇರೆ ಗುರುತೆಲ್ಲ ಮರೆತಿದೀನಿ ಸ್ವಾಮಿ. ಇದೊಂದು ಮಾತ್ರ ನಮ್ಮನೆ ಮಕ್ಕಳಿಗೂ ಗೊತ್ತು."

ರಾಯರು ಗೆದ್ದವರಂತೆ ಪೆನ್ನು ತೆರೆದರು. "ಹಾಗಾದ್ರೆ ಹೇಳು, ಬರ್ಕೋತೀನಿ. ಯಾರದು?"

"ಒಬ್ಬ ಬಿಳಿ ಸಿಪಾಯಿದು. ಹಗ್ಗದ ಮೇಲೆ ಒಣಗಿಹಾಕಿದ್ದಾಗ ಯಾರೋ ಕದ್ದರು. ಕದ್ದೋನು ಸಿಗಲಿಲ್ಲ ಅಂತ ನಮ್ಮಜ್ಜನ್ನ ಆರು ತಿಂಗಳು ಜೈಲಿಗೆ ಹಾಕಿದ್ರು."