ಜೋಡಿ ಹರಕೆ

ಆಸ್ಪತ್ರೆಗೆ ಹೋಗುವ ಬಸ್ಸು ಬಂತು. ಫ್ರಾನ್ಸಿಸ್ ಹತ್ತಲಿಲ್ಲ.

ಔಷಧಿ ಅಂಗಡಿಯ ಬಾಗಿಲ ಮರೆಯಲ್ಲಿ ನಿಂತಿದ್ದ ನೋರಾ ಗಡಿಯಾರ ನೋಡಿಕೊಂಡಳು. ಹನ್ನೊಂದು ಹತ್ತು. ಮೊಮ್ಮಗಳನ್ನು ನೋಡಿ ಬರುತ್ತೇನೆಂದು ಗಂಡ ಮನೆ ಬಿಟ್ಟು ಕಾಲು ಗಂಟೆಯಾಗಿತ್ತು. ಎಡ್ಜ್‌ವೇರ್ ಕಡೆಗೆ ಹೋಗುವ ಎಪ್ಪತ್ತೊಂಬತ್ತನೇ ನಂಬರಿನ ಬಸ್ಸು ಬಂದಾಗ ಅವನು ಹತ್ತಿ ಮೇಲಂತಸ್ತಿಗೆ ಹೋದ. ನೋರಾ ಓಡಿಬಂದು ಕೆಳಗೆ, ಬಾಗಿಲ ಹತ್ತಿರ ಕೂತಳು. ಒಂದು ಸ್ಟಾಪ್ ಆಗುವುದರೊಳಗೆ ಎದ್ದಳು. ಮತ್ತೆ ಕೂತಳು.

ಮಗಳು ಮಿಶೆಲ್‌ಗೆ ಇಪ್ಪತ್ತೇಳನೇ ವಾರಕ್ಕೇ ಹೆರಿಗೆಯಾಗಿತ್ತು. ಒಂಬೈನೂರು ಗ್ರಾಂ ತೂಕದ ಮಗು ಇನ್‌ಕ್ಯುಬೇಟರಿನಲ್ಲಿತ್ತು. ಅಂದು ಸಂಜೆಯೇ ನೋರಾ ಮತ್ತು ಫ್ರಾನ್ಸಿಸ್ ಕಿಂಗ್ಸ್‌ಬರಿಯ ಫ್ಲ್ಯಾಟಿನಲ್ಲಿ ವೆಲಂಕಣಿ ಮಾತೆಯ ಪಟದ ಮುಂದೆ ಮೇಣದಬತ್ತಿ ಹಚ್ಚಿ ಹರಕೆ ಹೊತ್ತರು. ಮಗು ಮನೆಗೆ ಬರುವವರೆಗೆ ಇಬ್ಬರೂ ಮಾಂಸ ಮುಟ್ಟುವುದಿಲ್ಲ. ಜೋಡಿ ಹರಕೆಯಲ್ಲಿ ಒಬ್ಬರು ತಪ್ಪಿದರೂ ಇಬ್ಬರದೂ ಹೋಯಿತು ಎಂದು ಬಂಟ್ವಾಳದಲ್ಲಿ ನೋರಾಳ ತಾಯಿ ಹೇಳುತ್ತಿದ್ದರು.

ಹದಿನಾರು ದಿನ ಮಗು ಸ್ವಲ್ಪ ಸ್ವಲ್ಪವೇ ತೂಕ ಏರಿಸಿಕೊಂಡಿತು. ಶುಕ್ರವಾರ ಬೆಳಿಗ್ಗೆ ರಕ್ತಕ್ಕೆ ಸೋಂಕು ತಗುಲಿತು. ಇಂದು ಸೋಮವಾರ. ಡಾಕ್ಟರು ಇನ್ನೂ ಏನೂ ಹೇಳುತ್ತಿಲ್ಲ.

ಮೂವತ್ತು ವರ್ಷ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ರಕ್ತದ ಮಾದರಿಗಳನ್ನು ಪರೀಕ್ಷಿಸಿದವಳು ನೋರಾ. ಬ್ಯಾಕ್ಟೀರಿಯಾಕ್ಕೆ ಹರಕೆ ಗೊತ್ತಿಲ್ಲ ಎಂಬುದು ಅವಳಿಗೆ ಚೆನ್ನಾಗಿಯೇ ಗೊತ್ತು. ಆದರೂ ಮೂರು ದಿನದಿಂದ ತಲೆಯಲ್ಲಿ ಒಂದೇ ಪ್ರಶ್ನೆ ಕೊರೆಯುತ್ತಿತ್ತು. ಶುಕ್ರವಾರಕ್ಕೆ ಮೊದಲು ಏನು ನಡೆಯಿತು?

ನಿನ್ನೆ ಫ್ರಾನ್ಸಿಸನ ಕೋಟಿನ ಜೇಬಿನಲ್ಲಿ ಸಾಸಿವೆಯ ಹಳದಿ ಗೊಜ್ಜು ಮೆತ್ತಿದ ಕಾಗದ ಸಿಕ್ಕಿತು. ಆ ಘಾಟು ಯಾವ ಅಂಗಡಿಯದೆಂದು ಅವಳಿಗೆ ಕೇಳಬೇಕಾಗಿರಲಿಲ್ಲ. ಕಾಗದ ಹಿಡಿದು ತುಂಬ ಹೊತ್ತು ನಿಂತಳು. ಗಂಡನನ್ನು ಏನೂ ಕೇಳಲಿಲ್ಲ. ಕಣ್ಣಾರೆ ನೋಡದೆ ಯಾವ ವರದಿಗೂ ಅವಳು ಸಹಿ ಹಾಕಿದವಳಲ್ಲ.

ಅದು ಎಡ್ಜ್‌ವೇರಿನಲ್ಲಿ ಬರ್ನಿ ನಡೆಸುವ, ಅವನ ಅಜ್ಜ ತೆರೆದ ಯಹೂದಿ ತಿಂಡಿ ಅಂಗಡಿ. ಅವರ ಧರ್ಮದ ಕಟ್ಟಳೆಯಂತೆ ಮಾಂಸ ಬಡಿಸುವಲ್ಲಿ ಹಾಲು ಸೇರಿಸುವುದಿಲ್ಲ, ಚಹಾ ಕೂಡ ಕಪ್ಪು. ದಿನಗಟ್ಟಲೆ ಉಪ್ಪುನೀರಿನಲ್ಲಿಟ್ಟು ಬೇಯಿಸಿದ ದನದ ಮಾಂಸವನ್ನು ಬರ್ನಿ ಬಿಸಿಬಿಸಿಯಾಗಿ ಕೈಯಲ್ಲೇ ಕೊಯ್ದು ರೈ ಎಂಬ ಧಾನ್ಯದ ಬ್ರೆಡ್ಡಿನ ನಡುವೆ ಪೇರಿಸುತ್ತಾನೆ. ಮಂಗಳೂರಿನಿಂದ ಬಂದ ಮೊದಲ ಚಳಿಗಾಲದಿಂದಲೂ ಗಂಡ ಹೆಂಡತಿ ಇಲ್ಲಿಯ ಗಿರಾಕಿಗಳು.

ಬಸ್ಸಿಳಿದ ಫ್ರಾನ್ಸಿಸ್ ಹೊಕ್ಕದ್ದೂ ಅದೇ ಅಂಗಡಿಯನ್ನು. ಹೊರಗೆ ನಿಂತ ನೋರಾಳ ಉಸಿರು ಕಿಟಕಿಯ ಗಾಜಿನ ಮೇಲೆ ಮಂಜು ಕಟ್ಟಿತು. ಒರೆಸಿದಳು. ಒಳಗೆ ಬರ್ನಿ ಚಾಕುವಿನ ತುದಿಯಲ್ಲಿ ಮಾಂಸದ ಒಂದು ತೆಳು ಎಸಳನ್ನು ಫ್ರಾನ್ಸಿಸನತ್ತ ಚಾಚಿದ. ಸಾಲಿನಲ್ಲಿ ನಿಂತವರಿಗೆ ಹಾಗೆ ರುಚಿ ತೋರಿಸುವುದು ಆ ಮನೆಯವರ ರೂಢಿ. ನೋರಾ ಗಾಜಿಗೆ ಮುಖ ಒತ್ತಿದಳು. ಫ್ರಾನ್ಸಿಸ್ ಅಂಗೈ ಅಡ್ಡ ಹಿಡಿದು ಬೇಡವೆಂದು ತಲೆಯಾಡಿಸಿದ.

ಆದರೆ ಸ್ಯಾಂಡ್‌ವಿಚ್ ತೆಗೆದುಕೊಂಡ. ಮೂಲೆಯ ಮೇಜಿಗೆ ಹೋಗಿ ಕೂತ. ಕಾಗದ ಬಿಚ್ಚಿದ.

ನೋರಾ ಬಾಗಿಲು ನೂಕಿ ಒಳಬಂದಳು. ಅವಳನ್ನು ಕಂಡ ಬರ್ನಿ ನಗುತ್ತ ಏನೋ ಹೇಳಲು ಬಾಯಿ ತೆರೆದ. ನೋರಾ ತುಟಿಯ ಮೇಲೆ ಬೆರಳಿಟ್ಟಳು. ಅವನು ಹುಬ್ಬೇರಿಸಿ ಮತ್ತೆ ಮಾಂಸ ಕೊಯ್ಯತೊಡಗಿದ.

"ತಿನ್ನಿ," ಎಂದಳು ಗಂಡನ ಎದುರು ನಿಂತು. "ನಾನು ಬಂದೆ ಅಂತ ನಿಲ್ಲಿಸ್ಬೇಡಿ."

ಫ್ರಾನ್ಸಿಸ್ ಬೆಚ್ಚಿಬಿದ್ದ. "ಯೇಸುವೇ! ಎಂತ ಮಾರಾಯ್ತಿ, ಪೋಲೀಸರ ಹಾಗೆ ಹಿಂದೆ ಬಂದದ್ದಾ?"

"ತಿನ್ನಿ ಅಂದೆ."

"ನನಗಲ್ಲ ಇದು. ಎಡ್ಸನ್‌ಗೆ." ಎಡ್ಸನ್ ಅವರ ಅಳಿಯ, ಮಗು ಹುಟ್ಟಿದಂದಿನಿಂದ ಆಸ್ಪತ್ರೆಯ ಕುರ್ಚಿಯಲ್ಲೇ ಕೂತವನು. "ಅವ ಹರಕೆ ಹೇಳ್ಲಿಲ್ಲ ಅಲ್ವಾ? ಕ್ಯಾಂಟೀನಿನ ಸೂಪ್ ಕುಡಿದು ಕುಡಿದು ಮುಖ ನೋಡ್ಬೇಕು ಅವನದ್ದು, ಒಣಗಿದ ಬಂಗುಡೆ. ಆದ್ರೆ ಸಾಸಿವೆ ಆಗುದಿಲ್ಲ ಅವನಿಗೆ. ಸಾಸಿವೆ ಹಾಕ್ಬೇಡ ಅಂದ್ರೆ ಬರ್ನಿಗೆ ಅವನ ಅಜ್ಜನಿಗೇ ಬೈದ ಹಾಗೆ ಆಗ್ತದೆ. ಅದಕ್ಕೇ ಇಲ್ಲಿ ಕೂತು ಕೆರೆಯುದು."

ಅವನ ಎಡಗೈಯಲ್ಲಿ ಕಾಗದದ ಕರವಸ್ತ್ರವಿತ್ತು. ಅದರ ತುಂಬ ಸಾಸಿವೆ.

ನೋರಾ ಕುರ್ಚಿಯ ತುದಿಯಲ್ಲಿ ಕೂತಳು. "ಮನೇಲಿ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನಿನಗೆ ಆಸೆ ಆಗುದಿಲ್ವಾ? ಪಾಪ ಅಂತ ಕಂಡಿತು."

"ಕೆರೆಯುವಾಗ ಬೆರಳು ನೆಕ್ಕಿರ್ತೀರಿ."

"ಇಲ್ಲ."

"ಕಳೆದ ವಾರ? ಬುಧವಾರ, ಗುರುವಾರ? ನೆನಪು ಮಾಡ್ಕೊಳ್ಳಿ. ಒಂದು ಚೂರು?"

"ಇಲ್ಲ ನೋರಾ."

"ಅಂಚಿನ ಕೊಬ್ಬಾದ್ರೂ?"

"ಮಾತೆಯ ಆಣೆ. ಬೇಕಿದ್ರೆ ನಿನ್ನ ಲ್ಯಾಬಿಗೆ ನನ್ನ ಹೊಟ್ಟೆಯನ್ನೇ ಕಳಿಸು." ಫ್ರಾನ್ಸಿಸ್ ನಕ್ಕ. ಹೆಂಡತಿಯ ಮುಖ ನೋಡಿ ನಗು ನಿಲ್ಲಿಸಿ ಅವಳ ಕೈ ಹಿಡಿದ. ಅದು ತಣ್ಣಗಿತ್ತು. "ಹೆದರ್ಬೇಡ. ನಾನೂ ಮುಟ್ಲಿಲ್ಲ, ನೀನೂ ಮುಟ್ಲಿಲ್ಲ. ಹರಕೆ ಗಟ್ಟಿ ಉಂಟು. ಪಾಪು ಗುಣ ಆಗ್ತದೆ, ನೋಡು ಬೇಕಾದ್ರೆ."

ನೋರಾ ಅಳತೊಡಗಿದಳು. ನೆಮ್ಮದಿಗೆ ಅಳುತ್ತಿದ್ದಾಳೆಂದುಕೊಂಡ ಫ್ರಾನ್ಸಿಸ್ ಅವಳ ಬೆನ್ನು ಸವರಿದ.

ಅವನು ಒಂದೇ ಒಂದು ಚೂರು ತಿಂದಿದ್ದರೂ ಸಾಕಿತ್ತು. ಗುರುವಾರ ಮಧ್ಯಾಹ್ನ ನೋರಾ ಒಬ್ಬಳೇ ಇಲ್ಲಿಗೆ ಬಂದು ಒಂದಿಡೀ ಸ್ಯಾಂಡ್‌ವಿಚ್ ತಿಂದುಹೋಗಿದ್ದಳು.